ದುರ್ಬೀನಿಗಿಂತ ಮೊದಲ ಮಾಡಿದ ಉಪವಾಸ

ನಮ್ಮತ್ತಿ ಬಯಲಕಡಿಗಿ ಹೋಗೂ ದಾರಿ ಬದಲಿ ಮಾಡಿದಾಗನ ನನಗ ಏನೋ ಆಗೇತಿ ಅಂತ ತಿಳೀಬೇಕಿತ್ತು. ತಿಳೀಲಿಲ್ಲ.

ಎಪ್ಪತ್ತರ ದಶಕದ ನಡುವಿನ ಮಾತಿದು. ಇಂಡಿ ಊರಾಗ, ನಮ್ಮ ಓಣ್ಯಾಗ ಯಾರ ಮನ್ಯಾಗೂ ಸಂಡಾಸ ಇರಲಿಲ್ಲ. ಹೆಣ್ಣಮಕ್ಕಳು ಬೆಳಕು ಹರಿಯೂದಕ್ಕಿಂತ ಮೊದಲ ತಂಬಿಗಿ ಹಿಡಕೊಂಡು ಜೋಡೀಲೆ ಹೋಗೂದು, ಜೋಡೀಲೆ ಬರೂದು, ಆಮ್ಯಾಲ ಕತ್ತಲಾಗೂ ತನಕ ತಡಕೊಂಡಿರೂದು. ನಾ ಆ ಮನಿಗಿ ಸೊಸಿಯಾಗಿ ಬಂದು ಆರು ವರ್ಷ ಆಗಿತ್ತು. ಆರೂ ವರ್ಷ ನಾವಿಬ್ರೂ ಒಂದ ದಾರಿ, ಒಂದ ಹೊತ್ತು. ಮನ್ಯಾಗ ಆಡಲಾರದ ಮಾತು ಆ ದಾರ್ಯಾಗ ಆಡತಿದ್ವಿ. ಅಂಥವರು ಒಂದ ದಿನ, "ನೀ ಮುಂದ ನಡಿ, ನಾ ಹಳ್ಳದ ಆಕಡೆ ಹೋಗ್ತೀನಿ" ಅಂದ್ರು. ಮರುದಿನಾನೂ ಹಂಗ. ವಯಸ್ಸಾದವರ ಹಟ ಅಂತ ನಾ ಸುಮ್ಮನಾದೆ.

ತಿಂಗಳೊಪ್ಪತ್ತಿನ್ಯಾಗ ಅವರ ಸೀರಿ ಒಗಿಯೂವಾಗ ರಕ್ತದ ಕಲೆ ಕಂಡ್ತು. ಅವರ ಮುಟ್ಟು ನಿಂತು ಹತ್ತು ವರ್ಷ ಆಗಿತ್ತು. ಕೇಳಿದೆ.

"ಮೂಲವ್ಯಾಧಿ ಅದು. ಕೆಂಪು ಖಾರ ತಿಂದದ್ದಕ್ಕ. ಮಜ್ಜಿಗಿ ಕುಡಿದ್ರ ಹೋಗತೈತಿ. ಇದನ್ನ ಅವನ ಮುಂದ ಹೇಳಬ್ಯಾಡ" ಅಂದ್ರು.

ಅವನು ಅಂದ್ರ ಅವರ ಮಗ, ನನ್ನ ಗಂಡ. ಮುದ್ದೇಬಿಹಾಳದಾಗ ಗುಮಾಸ್ತ, ಹದಿನೈದು ದಿನಕ್ಕೊಮ್ಮೆ ಬರ್ತಿದ್ರು. ಮನ್ಯಾಗ ಇರೂರು ನಾವ ಇಬ್ರು. ನಾ ಹೆಣ್ಣಮಕ್ಕಳ ಸಾಲ್ಯಾಗ ಕಲಸತಿದ್ದೆ. ಊರವರು ನನಗ ಅಕ್ಕೋರು ಅಂತಿದ್ರು. ಅತ್ತಿ ಸಿಟ್ಟಿಗೆದ್ದಾಗ ಅಷ್ಟ ಅಕ್ಕೋರ ಅಂತಿದ್ರು.

ಊರಾಗಿನ ಡಾಕ್ಟರು ನಾಡಿ ನೋಡಿ, ಹೊಟ್ಟಿ ಒತ್ತಿ, ಸೊಲ್ಲಾಪುರಕ್ಕ ಕರಕೊಂಡು ಹೋಗ್ರಿ ಅಂದ್ರು. ಹೋದ್ವಿ. ಅಲ್ಲಿ ದವಾಖಾನ್ಯಾಗ ಡಾಕ್ಟರು ಚಿಕ್ಕ ವಯಸ್ಸಿನವರು, ಅರ್ಧ ಮರಾಠಿ ಅರ್ಧ ಕನ್ನಡ ಮಾತು. ಅತ್ತೀನ ಹೊರಗ ಕುಂಡ್ರಿಸಿ ನನ್ನನ್ನ ಒಳಗ ಕರದ್ರು.

"ಕರುಳಿನ್ಯಾಗ ಗಂಟು ಇರಬಹುದು. ಅದು ಕ್ಯಾನ್ಸರ್ ಹೌದೋ ಅಲ್ಲೋ ಕಣ್ಣಿಲೆ ನೋಡದ ಹೇಳಾಕ ಬರೂದಿಲ್ಲ. ದುರ್ಬೀನು ಹಾಕಬೇಕು. ಕೆಳಗಿಂದ ಹಾಕೂದು. ಕರುಳು ಪೂರಾ ಖಾಲಿ ಇರಬೇಕು. ಎರಡು ದಿನ ಬರೇ ನೀರಿನಂಥಾದ್ದು: ಸೋಸಿದ ಗಂಜಿ, ತಿಳಿ ಮಜ್ಜಿಗಿ, ಹಾಲಿಲ್ಲದ ಚಾ. ಹಿಂದಿನ ದಿನ ಔಡಲೆಣ್ಣಿ. ಮುಂಜಾನೆ ಇಲ್ಲೆ ಎನಿಮಾ ಕೊಡ್ತೀವಿ. ಅವರಿಗಿ ಎಲ್ಲಾ ತಿಳಿಸಿ ಹೇಳ್ರಿ, ಅಕ್ಕೋರ. ಹೆದರಿದ್ರ ಮೈ ಬಿಗಿ ಹಿಡಿತಾರ, ಅದಕ್ಕ ಮೊದಲ ತಿಳಿದಿರಬೇಕು."

ಹೂಂ ಅಂದೆ. ನಲವತ್ತು ಮಕ್ಕಳ ಮುಂದ ದಿನಾ ಗಂಟಲ ಹರಕೊಳ್ಳೂ ನನಗ ಇದೇನು ದೊಡ್ಡ ಮಾತು ಅಂದುಕೊಂಡೆ.

ಬರೂವಾಗ ರೈಲಿನ ಡಬ್ಬಿ ತುಂಬಿತ್ತು. ಎದುರಿಗಿ ನಮ್ಮ ಮಗ್ಗಲೂರು ಹೊರ್ತಿ ಕಡೆ ಮಂದಿ ಕುಂತಿದ್ರು. ಅತ್ತಿ ಸೆರಗು ಬಾಯಿಗಿ ಹಿಡಕೊಂಡು, "ಏನಂದ್ರು?" ಅಂತ ಕೇಳಿದ್ರು. ಮಂದಿ ನೋಡಾಕತ್ತಿತ್ತು. ಮಂದಿ ಇರಲಿ, ಗಂಡನ್ನ ಹಡದಾಕಿ ಮುಂದ ಆ ಜಾಗದ ಹೆಸರು ನಾ ಹೆಂಗ ತಗೀಲಿ? ತಲಿ ಮ್ಯಾಲಿನ ಸೆರಗು ಜಾರಿದ್ರ ಬೈಸಿಕೊಳ್ಳೂ ಮನಿ ನಮ್ಮದು.

"ಎರಡು ದಿನ ಉಪವಾಸ ಇರಬೇಕಂತ. ಆಮ್ಯಾಲ ದುರ್ಬೀನು ಹಾಕಿ ಹೊಟ್ಟಿ ನೋಡ್ತಾರಂತ" ಅಂದೆ.

ಅವರ ಮಾರಿ ಅರಳಿತು. "ಅಷ್ಟ ಹೌದಿಲ್ಲೊ. ಉಪವಾಸ ನನಗೇನು ಹೊಸಾದ?"

ಹೊಸಾದಲ್ಲ, ಖರೆ. ಸೋಮವಾರ, ಶ್ರಾವಣ, ಶಿವರಾತ್ರಿ ಅಂತ ವರ್ಷದಾಗ ಎಷ್ಟೋ ದಿನ ಅವರ ಒಲಿ ಮ್ಯಾಲ ರೊಟ್ಟಿ ಹಂಚು ಏರತಿರಲಿಲ್ಲ. ಮನಿಗಿ ಹೋಗಿ ಸಾವಕಾಶ ಎಲ್ಲಾ ಬಿಡಿಸಿ ಹೇಳಿದ್ರಾತು ಅಂದುಕೊಂಡೆ. ಮನಿಗಿ ಬಂದ ಮ್ಯಾಲ ನಾಳಿ ಹೇಳಿದ್ರಾತು ಅಂದುಕೊಂಡೆ. ಆ ನಾಳಿ ಬರಲೇ ಇಲ್ಲ.

ಉಪವಾಸದ ಮೊದಲನೇ ದಿನ ನಾ ಸಾಲಿ ಮುಗಿಸಿ ಬಂದಾಗ ಅವರು ಮರದಾಗ ಶೇಂಗಾ ಹಾಕಿ, ಹುರಿದದ್ದರ ಸಿಪ್ಪಿ ಕೇರಾಕತ್ತಿದ್ರು. ಒಲಿ ಮ್ಯಾಲ ಸಾಬೂದಾಣಿ. ನಮ್ಮ ಕಡೆ ಉಪವಾಸ ಅಂದ್ರ ಅದ: ಜ್ವಾಳ, ಅಕ್ಕಿ, ಬ್ಯಾಳಿ ಮುಟ್ಟೂದಿಲ್ಲ, ಸಾಬೂದಾಣಿ, ಶೇಂಗಾ ಪುಡಿ, ಬಟಾಟಿ, ಬಾಳಿಹಣ್ಣು ನಡೀತೈತಿ. ನನಗೂ ಒಂದು ತಾಟು ಕೊಟ್ರು. ಮ್ಯಾಲ ಕೊತ್ತಂಬರಿ ಉದುರಿಸಿದ್ರು, ಛಲೋ ಆಗಿತ್ತು. ನಾ ತಿಂದೆ. ಡಾಕ್ಟರ ಮಾತು ಕಿವ್ಯಾಗ ಇಟ್ಟುಕೊಂಡ ತಿಂದೆ, ಒಂದು ಕಾಳೂ ಗಂಟಲಾಗ ಸಿಗಲಿಲ್ಲ. ಉಪವಾಸ ಅಂದಿದ್ದೆ, ಅವರು ಉಪವಾಸ ಮಾಡಿದ್ರು, ಅದರಾಗ ತಪ್ಪು ನನಗ ಕಾಣಲೇ ಇಲ್ಲ. ಓದು ಒಕ್ಕಾಲು ಬುದ್ಧಿ ಮುಕ್ಕಾಲು ಅಂತಾರ; ನನ್ನ ಹಂತ್ಯಾಕ ಆ ಒಕ್ಕಾಲು ಅಷ್ಟ ಇತ್ತು.

ಔಡಲೆಣ್ಣಿ ಕೊಟ್ಟೆ. ಒಂದು ಚಮಚ ಕುಡಿದು ಉಳಿದದ್ದು ದೀಪಕ್ಕ ಹಾಕಿದ್ರು. ಹಗಲಿನ್ಯಾಗ ಹೊಟ್ಟಿ ಜಾಡಿಸಿದ್ರ ಎಲ್ಲಿಗಿ ಹೋಗೂದು ಅನ್ನೂದು ಅವರ ಚಿಂತಿ. ಅದನ್ನ ಅವರು ನನಗ ಹೇಳಲಿಲ್ಲ. ನಾ ಅವರಿಗಿ ಹೇಳಲಿಲ್ಲ, ಅವರು ನನಗ ಹೇಳಲಿಲ್ಲ. ಇಬ್ರೂ ಮರ್ಯಾದಸ್ಥರು.

ಸೊಲ್ಲಾಪುರದಾಗ ಅವರನ್ನ ಒಳಗ ಕರದ್ರು. ನಾ ಹೊರಗ ಬಾಕಿನ ಮ್ಯಾಲ ಕುಂತೆ. ಸ್ವಲ್ಪ ಹೊತ್ತಿಗಿ ಒಂದು ಕೂಗು ಕೇಳ್ತು. ನಮ್ಮತ್ತಿ ಹಡಿಯೂವಾಗೂ ಕೂಗಿದಾಕಿ ಅಲ್ಲ ಅಂತ ನಾದಿನಿ ಹೇಳತಿದ್ಲು. ಆಮ್ಯಾಲ ಡಾಕ್ಟರು ಕೈ ಒರಸಿಕೊಂತ ಹೊರಗ ಬಂದ್ರು.

"ಏನು ತಿನ್ನಿಸೀರಿ ಅವರಿಗಿ? ಎನಿಮಾ ಕೊಟ್ರೂ ಒಳಗ ಶೇಂಗಾ ತುಂಬೇತಿ. ಏನೂ ಕಾಣಲಿಲ್ಲ. ಸುಮ್ಮನ ಮುದುಕಿಗಿ ತ್ರಾಸು ಕೊಟ್ಟಂಗಾತು. ನಾ ನಿಮಗ ಹೇಳಿರಲಿಲ್ಲೇನು?"

ಹೇಳಿದ್ರಿ ಅಂದೆ.

ಅತ್ತಿ ಹೊರಗ ಬಂದಾಗ ಸೆರಗು ಕಣ್ಣಿನ ತನಕ ಎಳಕೊಂಡಿದ್ರು. ಇಂಡಿ ರೋಡ್ ಸ್ಟೇಷನ್‌ನ್ಯಾಗ ಇಳಿದು ಬಸ್ಸಿಗಿ ನಿಂತಾಗ ಕೇಳಿದ್ರು.

"ಎಲ್ಲಿಂದ ಹಾಕ್ತಾರಂತ ನಿನಗ ಗೊತ್ತಿತ್ತೇನು?"

"ಗೊತ್ತಿತ್ರಿ."

"ಮಗನ ವಯಸ್ಸಿನವರ ಮುಂದ ನನ್ನನ್ನ ದನದಂಗ ಮೊಣಕಾಲ ಮ್ಯಾಲ ಬಗ್ಗಿಸಿ ನಿಂದ್ರಿಸಿದ್ರು, ಅಕ್ಕೋರ. ಮೊದಲ ಹೇಳಿದ್ರ ಮನಸರ ಗಟ್ಟಿ ಮಾಡಕೋತಿದ್ದೆ."

ಆ ಅಕ್ಕೋರ ಅನ್ನೂದು ಎದ್ಯಾಗ ಚುಚ್ಚಿತು. ಕಪಾಳಕ್ಕ ಹೊಡದಿದ್ರ ಬೇಸಿತ್ತು.

ಇನ್ನ ಆ ಊರಿನ ಹೆಸರು ತಗೀಬ್ಯಾಡ ಅಂದ್ರು. ಅದು ದೀಪಾವಳಿ ಮುಂದಿನ ಮಾತು. ಸಂಕ್ರಮಣ ಬಂತು, ಅವರು ಒಪ್ಪಲಿಲ್ಲ. ಎಳ್ಳಹೋಳಿಗಿ ತಟ್ಟತಿದ್ರು, ನಡುವ ಎದ್ದು ಹೊಟ್ಟಿ ಹಿಡಕೊಂಡು ಗ್ವಾಡಿಗಿ ಆನತಿದ್ರು. ಕುಬಸದ ತೋಳು ಸಡಲ ಆದ್ವು. ಮಗ ಬಂದಾಗ ಮಾತ್ರ ಗಟ್ಟಿ ನಗತಿದ್ರು. ಗಂಡ ನನ್ನನ್ನ ಹಿತ್ತಲಕ್ಕ ಕರದು, "ಅವ್ವ ಯಾಕ ಇಳದಾಳ?" ಅಂತ ಕೇಳಿದ್ರು. ನಾ ಏನು ಹೇಳಲಿ? ಹೇಳೂ ಹೊತ್ತಿನ್ಯಾಗ ಬಾಯಿ ಮುಚ್ಚಿಕೊಂಡಾಕಿಗಿ ಆಮ್ಯಾಲ ಬಾಯಿ ಎಲ್ಲಿಂದ ಬರಬೇಕು.

ರಜಾ ಇದ್ದ ಒಂದು ಮಧ್ಯಾಹ್ನ ನನಗ ನನ್ನ ಮ್ಯಾಲನ ಸಿಟ್ಟು ಬಂತು. ಊರಾಗಿನ ಡಾಕ್ಟರ ಹಂತ್ಯಾಕ ಹೋಗಿ ಎಲ್ಲಾ ಕೇಳಿಕೊಂಡು ಬಂದು ಬಾಗಲ ಅಗಳಿ ಹಾಕಿದೆ, ಪಾಟಿ-ಬಳಪ ತಂದು ಅವರ ಮುಂದ ಕುಂತೆ. ಕರುಳಿನ ಚಿತ್ರ ತಗದೆ. ಇದು ಬಾಯಿ, ಇದು ಹೊಟ್ಟಿ, ಇದು ದೊಡ್ಡ ಕರುಳು, ಇದು ಬುಡ. ದುರ್ಬೀನು ಇಲ್ಲಿಂದ ಹೋಗತೈತಿ, ಇಷ್ಟ ಉದ್ದ, ತುದಿಗಿ ಸಣ್ಣ ದೀಪ ಇರತೈತಿ. ಗಾಳಿ ಊದತಾರ, ಅದಕ್ಕ ಹೊಟ್ಟಿ ಉಬ್ಬತೈತಿ, ಬಯಲಕಡಿಗಿ ಬಂದಂಗ ಆಗತೈತಿ, ಆದ್ರ ಬಂದಿರೂದಿಲ್ಲ. ಗಂಟು ಕಂಡ್ರ ಒಂದು ಚೂರು ಕತ್ತರಿಸಿ ತಗೀತಾರ. ಒಂದೊಂದರ ಹೆಸರು ಹಿಡದ ಹೇಳಿದೆ. ಕ್ಯಾನ್ಸರ್ ಇರಬಹುದು ಅನ್ನೂದನ್ನೂ ಹೇಳಿದೆ.

ಅವರು ಪಾಟಿ ಕೈಯಾಗ ತಗೊಂಡು ಭಾಳ ಹೊತ್ತು ನೋಡಿದ್ರು. ಬೈತಾರಂತ ನಾ ಕಾದೆ.

"ಒಳಗ ನೀ ಇರ್ತೀಯೇನು?"

"ಇರ್ತೀನ್ರಿ."

"ಈ ಸಲಾನೂ ಸೀರಿ ಮ್ಯಾಲ ಏರಸ್ತಾರೇನು?"

"ಏರಸ್ತಾರ್ರಿ. ಮ್ಯಾಲ ಚಾದರ ಹೊದಿಸ್ರಿ ಅಂತ ನಾ ಹೇಳ್ತೀನಿ."

"ಹಂಗಿದ್ರ ಬರ್ತೀನಿ. ಇಷ್ಟು ಹೇಳಾಕ ನಿನಗ ಮೂರು ತಿಂಗಳು ಬೇಕಾತೇನು?" ಅಂದ್ರು. ಪಾಟಿ ಮ್ಯಾಲಿನ ಕರುಳು ಸೆರಗಲೆ ಒರಸಿ ಕೊಟ್ರು.

ಎರಡನೇ ಸಲ ನಾ ಸಾಲಿಗಿ ರಜಾ ಹಾಕಿದೆ. ಗಂಜಿ ಅರಿವಿಲೆ ಸೋಸಿದೆ. ನಾನೂ ಅದನ್ನ ಕುಡಿದೆ, ಅವರು ಬ್ಯಾಡ ಅಂದ್ರೂ. ಔಡಲೆಣ್ಣಿ ಅವರು ಮೂಗು ಹಿಡಕೊಂಡು, ಬಿಸಿ ಚಾದ ಕೂಡ ಪೂರ್ತಿ ಇಳಿಸಿದ್ರು. ದನದ ಕೊಟ್ಟಗ್ಯಾಗ ಗ್ವಾಡಿ ಮಗ್ಗಲ ಎರಡು ಕಲ್ಲಿಟ್ಟು, ತಟ್ಟಿ ಕಟ್ಟಿ, ಬುಟ್ಟಿ ತುಂಬ ಬೂದಿ ಇಟ್ಟಿದ್ದೆ. ಮಧ್ಯಾಹ್ನದಿಂದ ಸುರು ಆತು. ಎಷ್ಟು ಸಲ ಎದ್ರೋ. ಪ್ರತಿ ಸಲಕ್ಕೂ ನಾ ಬೂದಿ ಮುಚ್ಚಿ ಬಳದು ತಿಪ್ಪಿಗಿ ಹಾಕಿ ಬಂದೆ. ಮೊದಲ ಮೂರು ಸಲ ಅವರು ಅತ್ತರು. ಸೊಸಿ ಕೈಲೆ ಇದನ್ನ ತಗಸ್ಕೊಳ್ಳೂ ಹಣೇಬಾರ ನನಗ ಯಾಕ ಬಂತು ಅಂದ್ರು. ನಿಮ್ಮ ಮಗಳ ಕೂಸಿಂದು ನೀವು ಬಳೀಲಿಲ್ಲೇನು ಅಂದೆ. ಆಮ್ಯಾಲ ಅಳಲಿಲ್ಲ. ಕಡೀಕ ಬರೇ ನೀರು ಬಂತು. ಪರೀಕ್ಷಾ ಪಾಸಾದಂಗ ನನ್ನನ್ನ ಕರದು ತೋರಿಸಿದ್ರು.

ಸೊಲ್ಲಾಪುರದಾಗ ನಾ ಅವರ ತಲಿ ಕಡೆ ನಿಂತೆ. ಚಾದರ ಹೊದಿಸಿದ್ರು. ಅವರು ನನ್ನ ಕೈ ಹಿಡದ್ರು, ಬಳಿ ಎರಡು ಒಡದ್ವು. ಡಾಕ್ಟರು ನೋಡಿದ್ರು. ಚೂರು ತಗದು ಬಾಟ್ಲಿಗಿ ಹಾಕಿದಾಗ, ಗಂಟು ಐತಿ ಅಂತ ನನಗ ಗೊತ್ತಾತು.

ಮುಗದ ಮ್ಯಾಲ ನರ್ಸು ಬಾಯಿ, "ಅಜ್ಜಿ, ಒಳಗ ಗಾಳಿ ತುಂಬೇತಿ, ತಡಕೋಬ್ಯಾಡ್ರಿ, ಬಿಡ್ರಿ" ಅಂದ್ಲು. ಸುತ್ತ ಹತ್ತು ಮಂಚ, ಮಂದಿ. ಅತ್ತಿ ಹೊಟ್ಟಿ ಗಡಗಿಯಂಗ ಉಬ್ಬಿದ್ರೂ ಹಲ್ಲು ಕಚ್ಚಿ ತಡಕೊಂಡಿದ್ರು. ನಾ ಅವರ ಕಿವ್ಯಾಗ, "ಬಿಡ್ರಿ ಅತ್ತೀ, ಯಾರರ ತಿರುಗಿ ನೋಡಿದ್ರ ನಾ ಬಿಟ್ಟೆ ಅಂತ ಹೇಳ್ತೀನಿ" ಅಂದೆ. ಅವರಿಗಿ ನಗು ಬಂತು. ನಗೂದರ ಜೋಡಿ ಅದೂ ಬಂತು. ನಾವಿಬ್ರೂ ಬಾಯಿಗಿ ಸೆರಗು ತುರಕಿಕೊಂಡು ನಕ್ಕದ್ದು ಆ ವರ್ಷದಾಗ ಅದ ಕಡೀದು.

ಎರಡು ದಿನ ಸ್ವಲ್ಪ ರಕ್ತ ಹೋಗತೈತಿ, ಹೆದರಬ್ಯಾಡ್ರಿ, ಹೊಟ್ಟಿ ಕಲ್ಲಾದ್ರ ಇಲ್ಲಾ ಜ್ವರ ಬಂದ್ರ ತಡಾ ಮಾಡದ ಬರ್ರಿ ಅಂತ ಹೇಳಿ ಕಳಿಸಿದ್ರು. ಈ ಸಲ ರೈಲಿನ್ಯಾಗ, ಮಂದಿ ಮುಂದನ, ಪ್ರತಿ ಮಾತು ಅವರಿಗಿ ಹೇಳಿದೆ.

ಕಾಗದ ಬರಾಕ ಮೂರು ವಾರ ಹಿಡೀತು. ಕ್ಯಾನ್ಸರ್. ಮುದ್ದೇಬಿಹಾಳಕ್ಕ ನಾನ ಹೋಗಿ ಗಂಡಗ ಹೇಳಿದೆ. ದೊಡ್ಡ ದವಾಖಾನ್ಯಾಗ ಆಪರೇಷನ್ ಆತು. ಆಪರೇಷನ್ ಮಾಡಿದ ಡಾಕ್ಟರಿಗಿ ಒಂದ ಮಾತು ಕೇಳಿದೆ: ಮೂರು ತಿಂಗಳು ಮೊದಲ ಕಂಡಿದ್ರ? ಅವರು ಕನ್ನಡಕ ತಗದು ಒರಸಿಕೊಂಡ್ರು. "ಅದನ್ನ ಹೇಳಾಕ ಬರೂದಿಲ್ರಿ" ಅಂದ್ರು. ಬೈದಿದ್ರ ಬೈಸಿಕೊಂಡು ಸುಮ್ಮನಾಗತಿದ್ದೆ. ಹೇಳಾಕ ಬರೂದಿಲ್ಲ ಅನ್ನೂದನ್ನ ಎಲ್ಲಿ ಇಡಬೇಕು ಅಂತ ನನಗ ಇವತ್ತಿಗೂ ತಿಳಿದಿಲ್ಲ.

ಅತ್ತಿ ಮುಂದ ಎರಡು ವರ್ಷ ಇದ್ರು. ಎರಡನೇ ವರ್ಷ, ಅವರು ಹಾಸಿಗಿ ಹಿಡಿಯೂ ಮುಂಚೆ, ಹಿಂದಿನ ಓಣಿ ಹೆಣ್ಣಮಗಳೊಬ್ಬಾಕಿ ಅಂಜಿಕೋತ ಬಂದ್ಲು. ಆಕಿಗೂ ಡಾಕ್ಟರು ದುರ್ಬೀನು ಹಾಕಸ್ರಿ ಅಂದಿದ್ರಂತ. ಅತ್ತಿ ಅಕ್ಕಿ ಹಸನ ಮಾಡಾಕತ್ತಿದ್ರು. ಆಕಿನ್ನ ಮಗ್ಗಲ ಕುಂಡ್ರಿಸಿಕೊಂಡು, ನಾ ಪಾಟಿ ಮ್ಯಾಲ ತಗದು ಹೇಳಿದ್ದನ್ನ ಮೊದಲಿಂದ ಕಡೀತನಕ ಹೇಳಿದ್ರು, ಒಂದು ಹೆಸರೂ ಬಿಡಲಿಲ್ಲ. ಮೊಣಕಾಲ ಮ್ಯಾಲ ನಿಂದ್ರೂದು, ಗಾಳಿ, ಚಾದರ ಕೇಳಿ ಪಡಿಯೂದು, ಎಲ್ಲಾ.

"ಮತ್ತ ಸಾಬೂದಾಣಿ ತಿನಬ್ಯಾಡವಾ, ಶೇಂಗಾ ಮುಟ್ಟಬ್ಯಾಡ. ದೇವರ ಉಪವಾಸ ಬ್ಯಾರೆ, ಇದು ಬ್ಯಾರೆ. ನನಗ ಯಾರೂ ಹೇಳಿರಲಿಲ್ಲ."

ನಾ ಅಲ್ಲೇ ಒಲಿ ಮುಂದ ಇದ್ದೆ. ಅವರು ನನ್ನ ಕಡೆ ನೋಡಲಿಲ್ಲ. ಸಿಟ್ಟೂ ಇರಲಿಲ್ಲ ಆ ಮಾತಿನ್ಯಾಗ, ಮರದಾಗಿನ ಅಕ್ಕಿ ಆರಿಸಿಕೋತನ ಅಂದ್ರು. ಆ ಹೆಣ್ಣಮಗಳು ಹೋದ ಮ್ಯಾಲ, "ಚಾ ಇಡು, ನೀನೂ ಒಂದು ಗುಟುಕು ಕುಡಿ" ಅಂದ್ರು. ನಾ ಚಾ ಇಟ್ಟೆ.