ರತ್ನಮ್ಮನಿಗೆ ಬೇಡವಾದ ಪೇಪರು

ನಾನು ಗೆಂಡೆಹಳ್ಳಿ ಕಡೆ ನರ್ಸಾಗಿ ಸೇರಿದ ಹೊಸತು. ಒಂದು ಬೆಳಗ್ಗೆ ಆಸ್ಪತ್ರೆ ಜಗಲಿಯಲ್ಲಿ ಏಳೆಂಟು ಗಂಡಸರು ಕೂತಿರುವಾಗಲೇ ರತ್ನಮ್ಮ ಎಂಬಾಕೆ ಬಂದು, "ನಿರೋಧ್ ಕೊಡಿ ನರ್ಸಮ್ಮ" ಎಂದು ಗಟ್ಟಿಯಾಗಿ ಕೇಳಿದರು. ಆ ಸರ್ಕಾರಿ ಕಾಂಡೋಮ್ ಕೇಳಲು ಗಂಡಸರೇ ತಲೆ ತಗ್ಗಿಸಿ ಬರುತ್ತಿದ್ದ ಕಾಲ.

ನಾನು ಗಡಿಬಿಡಿಯಲ್ಲಿ ಪೇಪರಿನಲ್ಲಿ ಸುತ್ತಿಕೊಟ್ಟು, "ಮೆಲ್ಲಗೆ ಮಾತಾಡಿ" ಎಂದು ಪಿಸುಗುಟ್ಟಿದೆ.

"ಯಾಕ್ರೀ, ಕದ್ಕೊಂಡ್ ಹೋಗ್ತಿದೀನಾ?"

ಜಗಲಿಯಲ್ಲಿದ್ದ ಹಿರಿಯರೊಬ್ಬರು, "ಮೂರು ಮಕ್ಕಳ ತಾಯಿ, ಇನ್ನೂ ಸಾಕಾಗಿಲ್ವೇನಮ್ಮಾ?" ಎಂದು ಗದರಿದರು.

"ಮಕ್ಕಳು ಸಾಕು ಕಣಣ್ಣಾ, ಅದಕ್ಕೇ ಬಂದಿದೀನಿ. ಗಂಡ ಸಾಕು ಅಂತ ನಾನೆಲ್ಲಿ ಅಂದೆ?"

ರತ್ನಮ್ಮ ಪೇಪರು ಬಿಚ್ಚಿ ನನ್ನ ಕೈಗೇ ಕೊಟ್ಟು, ಪೊಟ್ಟಣ ಹಿಡಿದು ಹೊರಟರು. ಹಿರಿಯರು ಗೋಡೆಯ ಮೇಲಿದ್ದ ಪೋಲಿಯೊ ಪೋಸ್ಟರನ್ನು ಬಹಳ ಹೊತ್ತು ಓದಿದರು. ಅವರಿಗೆ ಓದಲು ಬರುವುದಿಲ್ಲ ಎಂದು ನನಗೆ ಆಮೇಲೆ ಗೊತ್ತಾಯಿತು.