ಕಂಪ್ಲಿಗೆ ಹೊರಟ ಹರಿಗೋಲು

ನನ್ನ ಸೋದರಮಾವನಿಗೆ ಹೊಳೆ ಬಿಟ್ಟರೆ ಬೇರೆ ಕೆಲಸ ಗೊತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಆದರೆ ಆ ವರ್ಷಗಳಲ್ಲಿ ನಮ್ಮ ಓಣಿಯ ಗಂಡಸರೆಲ್ಲ ಗಣಿ ಕೆಲಸಕ್ಕೆ ಸಂಡೂರಿನ ಗುಡ್ಡ ಹತ್ತಿದ್ದರು. ಹೊಸಪೇಟೆಯ ರಸ್ತೆ ತುಂಬ ಅದಿರಿನ ಲಾರಿಗಳು. ಬೆಳಿಗ್ಗೆ ಒಣಹಾಕಿದ ಬಿಳಿ ಬಟ್ಟೆ ಸಂಜೆಗೆ ಇಟ್ಟಿಗೆ ಬಣ್ಣ. ಸುಡುಗಾಡು ದೂಳು! ಅತ್ತೆ ದಿನಾ ಗಂಡನನ್ನು ಚುಚ್ಚುತ್ತಿದ್ದಳು: "ಎಲ್ಲಾರೂ ಟಿಪ್ಪರ್ ಹತ್ತ್ಯಾರ. ನೀವು ಇನ್ನಾ ಹುಟ್ಟು ಹಾಕ್ಕೋತ ಕುಂದ್ರಿ."

ಅಂಥ ಹೊತ್ತಿನಲ್ಲಿ ಹಂಪಿಯ ಲಾಡ್ಜಿನ ಸಾಹುಕಾರ ಮಾವನನ್ನು ಕರೆಸಿದ. ಫಾರಿನ್ನಿನ ಗಂಡ ಹೆಂಡತಿಗೆ ಡ್ಯಾಮಿನ ಕೆಳಗಿನಿಂದ ಕಂಪ್ಲಿಯವರೆಗೆ, ಬಂಡೆಗಳ ನಡುವಿನ ಸೆಳವಿನಲ್ಲಿ, ಮೂರು ದಿನ ಹರಿಗೋಲಿನಲ್ಲೇ ಹೋಗಬೇಕಂತೆ. ಸುಸೂತ್ರವಾಗಿ ಮುಟ್ಟಿಸಿದರೆ ಮುಂದೆ ಪ್ರತಿ ಮಳೆಗಾಲ ಆ ಕೆಲಸ ಮಾವನದೇ. ಇಲ್ಲದಿದ್ದರೆ ಟಿಪ್ಪರೇ ಗತಿ. ಅಡುಗೆಗೂ ಇಂಗ್ಲಿಷಿಗೂ ಮಾವ ನನ್ನನ್ನು ಹಿಡಿದ. ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಿದ್ದವಳು ನಾನು. ರಜೆ ಹಾಕಿ, ಗೊಣಗುತ್ತಲೇ ಹೊರಟೆ.

ಹೊಳೆಗಿಳಿದ ಮಾವ ಬೇರೆಯೇ ಮನುಷ್ಯ. ಮನೆಯಲ್ಲಿ ಬಾಯಿ ಬಿಡದವನು ಅಲ್ಲಿ ಗದರಿದ್ದೇ ಗದರಿದ್ದು. "ಅಂವಗ ಕುಂದ್ರಾಕ ಹೇಳವ್ವ! ಫೋಟೊ ತೆಗೀಲಿಕ್ಕೆ ಎದ್ದು ನಿಂತ್ರ ಎಲ್ಲಾರೂ ಮುಳುಗತೀವಿ." ನಾನು ಅದಕ್ಕೆ ನಾಲ್ಕು 'ಪ್ಲೀಸ್' ಸೇರಿಸಿ ಇಂಗ್ಲಿಷಿನಲ್ಲಿ ಹೇಳುತ್ತಿದ್ದೆ. ನೀರು ಧುಮುಕುವಲ್ಲಿ ನಮ್ಮನ್ನು ಇಳಿಸಿ, ಹರಿಗೋಲನ್ನು ತಲೆಯ ಮೇಲೆ ಬೋರಲು ಹೊತ್ತು ಬಂಡೆಯಿಂದ ಬಂಡೆಗೆ ನಡೆಯುತ್ತಿದ್ದ.

ಅವನದು ಒಂದೇ ಕಟ್ಟಳೆ: ನೀರು ಕೆಂಪಾದರೆ ದಡ. ಕೆಂಪಾಯಿತೆಂದರೆ ಮೇಲೆಲ್ಲೋ ಮಳೆ ಬಿದ್ದಿದೆ, ಹಿಂದೆಯೇ ಪ್ರವಾಹ ಬರುತ್ತದೆ. ಉಣ್ಣುತ್ತಿದ್ದ ತುತ್ತು ಬಿಟ್ಟು ಏಳಬೇಕು. ನಾನು ಸಣ್ಣವಳಿದ್ದಾಗ ಎಷ್ಟೋ ಸಲ ನನ್ನ ರಟ್ಟೆ ಹಿಡಿದು ಎಳೆದೊಯ್ದಿದ್ದ.

ಮೂರನೆಯ ದಿನ ಆಕಾಶ ಮಂಕಾಗಿತ್ತು. ಮೋಡವೋ ದೂಳೋ ತಿಳಿಯುತ್ತಿರಲಿಲ್ಲ. ಕಂಪ್ಲಿ ಇನ್ನೇನು ಹತ್ತಿರವೇ ಎನ್ನುವಾಗ, ಗುಡ್ಡದ ಕಡೆಯ ಹಳ್ಳವೊಂದು ಹೊಳೆಗೆ ಕೂಡುವ ಜಾಗದಲ್ಲಿ, ನಡುನೀರಿನ ಬಂಡೆಯ ಮೇಲೆ ಒಲೆ ಹೂಡಿದೆವು. ಅನ್ನ ಕುದಿಯುತ್ತಿತ್ತು. ಬಂಡೆಯ ಬುಡದಲ್ಲಿ ನೀರಿನ ಬಣ್ಣ ತಿರುಗಿತು.

"ಮಾವ, ನೀರು ಕೆಂಪಾತು ನೋಡ್ರಿ."

ಮಾವ ಅರ್ಧ ಎದ್ದ. ಹಳ್ಳದ ಕಡೆ ನೋಡಿದ. ಮತ್ತೆ ಕುಳಿತ.

"ಅದು ಮಳಿ ನೀರಲ್ಲ ಬಿಡವ್ವ, ಮೈನ್ಸಿನ ದೂಳು. ಈಗೀಗ ಈ ಹಳ್ಳ ಬ್ಯಾಸಗ್ಯಾಗೂ ಕೆಂಪಗ ಹರೀತೈತಿ. ದಿನಾ ಓಡಿದ್ರ ಉಣ್ಣೋದು ಯಾವಾಗ? ಅನ್ನ ಬಸಿ."

ಅವನು ಹೇಳಿದ್ದು ಸುಳ್ಳಲ್ಲ. ಅನ್ನ ಬಸಿಯಲು ಪಾತ್ರೆಗೆ ಬಟ್ಟೆ ಹಿಡಿದೆ. ಅಷ್ಟರಲ್ಲಿ ಒಲೆ ಚುಂಯ್ ಎಂದು ಆರಿತು. ನೀರು ಒಲೆಯೊಳಗೆ ಬಂದಿತ್ತು.

ಆಮೇಲೆ ಏನೇನಾಯಿತೋ! ಮಾವ ನಮ್ಮ ಮೂವರನ್ನೂ ಬಂಡೆಯ ನೆತ್ತಿಗೆ ದೂಡಿದ. ಹರಿಗೋಲಿನ ಹಗ್ಗ ಹಿಡಿಯಲು ಇಳಿದವನು ಎದೆಮಟ್ಟ ನೀರಿನಲ್ಲಿ ಜಾರಿ, ಹಗ್ಗ ಬಿಟ್ಟು ಬಂಡೆ ಹಿಡಿದು ಮೇಲೆ ಹತ್ತಿದ. ಹರಿಗೋಲು ಒಂದು ಸುತ್ತು ತಿರುಗಿ, ಎದುರಿನ ಬಂಡೆಗೆ ಬಡಿದು ಬಾಯಿ ಬಿಟ್ಟಿತು. ನಾನು ಹೆದರಿ ಅಳತೊಡಗಿದೆ. ನಾಚಿಕೆಯೇನು, ಜೋರಾಗಿಯೇ ಅತ್ತುಬಿಟ್ಟೆ. ಮಾವ ಅಳಲಿಲ್ಲ. ಕೆಂಪು ನೀರನ್ನೇ ನೋಡುತ್ತ ಕುಳಿತಿದ್ದ. ಸಂಜೆ ನೀರಿಳಿದ ಮೇಲೆ ಕಂಪ್ಲಿಯ ಮೀನುಗಾರರು ಬಂದು ನಮ್ಮನ್ನು ದಡಕ್ಕೆ ತಂದರು.

ನಮ್ಮನ್ನು ಕರೆದೊಯ್ಯಲು ಬಂದು ದಡದಲ್ಲಿ ನಿಂತಿದ್ದ ಸಾಹುಕಾರ ಬೈಯುತ್ತಾನೆ ಎಂದುಕೊಂಡಿದ್ದೆ. ಆದರೆ ಆ ಗಂಡ ಹೆಂಡತಿ ಮಾವನ ಕೈ ಕುಲುಕಿದ್ದೇ ಕುಲುಕಿದ್ದು. ಇಂಥ ಅನುಭವ ಎಲ್ಲೂ ಸಿಕ್ಕಿರಲಿಲ್ಲವಂತೆ, ಮುಂದಿನ ವರ್ಷ ಗೆಳೆಯರನ್ನೂ ಕರೆತರುತ್ತಾರಂತೆ. ನನಗೆ ಮೈಯೆಲ್ಲ ಉರಿಯಿತು. ಸಾಹುಕಾರನಿಗೋ ಹಿಗ್ಗು. "ಮಸ್ತ್ ಆತು ಬಿಡು! ಹೊಸ ಹರಿಗೋಲು ನಾ ಕೊಡಿಸ್ತೀನಿ. ಪ್ರತಿ ವರ್ಷ ನೀನಽ."

ಮಾವ ಹೊಳೆಗಿಳಿದದ್ದೇ ಅದಕ್ಕೆ. ಅದು ಕೈಗೆ ಬಂದಿತ್ತು.

"ಬ್ಯಾಡ್ರಿ," ಎಂದ. "ಮಳಿ ನೀರು ಯಾವ್ದು, ದೂಳು ಯಾವ್ದು, ನನಗ ತಿಳೀವಲ್ದು. ತಿಳೀದಽ ಮಂದೀನ ಹೆಂಗ ಕುಂದ್ರಿಸ್ಕೊಂಡು ಹೋಗ್ಲಿ?"

ಸಾಹುಕಾರ ಎಷ್ಟು ಹೇಳಿದರೂ ಕೇಳಲಿಲ್ಲ. ಕೆಲವು ದಿನ ಕಳೆದ ಮೇಲೆ ಸಂಡೂರಿನ ಕಡೆ ಟಿಪ್ಪರಿನ ಕ್ಲೀನರ್ ಆಗಿ ಹೋದ. ಅತ್ತೆ ಬೇಕೆಂದದ್ದು ಆಯಿತು, ಆದರೂ ಅವಳ ಮುಖದಲ್ಲಿ ಗೆಲುವು ಕಾಣಲಿಲ್ಲ.

ಒಂದು ಸಂಜೆ ಅವರ ಮನೆಯಲ್ಲಿದ್ದೆ. ಮಾವ ಕೆಲಸದಿಂದ ಬಂದು ಬಚ್ಚಲ ಕಲ್ಲಿನ ಮೇಲೆ ನಿಂತ. ಅತ್ತೆ ಕಾಲಿಗೆ ನೀರು ಹಾಕಿದಳು. ಕಾಲಿನಿಂದ ಕೆಂಪು ನೀರು ಹರಿದು ಬಚ್ಚಲು ತುಂಬಿತು. ಮಾವ ಥಟ್ಟನೆ ಪಕ್ಕದಲ್ಲಿದ್ದ ನನ್ನ ರಟ್ಟೆ ಹಿಡಿದು ಹಿಂದಕ್ಕೆ ಎಳೆದ.