ಕಣ್ಣು ಮುಚ್ಚಿ ಮಾಡಿದ ಜೀನಸಿನ ಪಟ್ಟಿ

ತಿಂಗಳ ಜೀನಸು ತರಲಿಕ್ಕೆ ನಾನು ಪಟ್ಟಿ ಬರೆಯುವವಳಲ್ಲ. ಅಕ್ಷರ ಬರುವುದಿಲ್ಲ ಎಂದಲ್ಲ, ಎರಡನೇ ಕ್ಲಾಸಿನವರೆಗೆ ಹೋಗಿದ್ದೇನೆ. ಆದರೆ ನಾನು ‘ಕೊತ್ತಂಬರಿ’ ಎಂದು ಬರೆದು ಮುಗಿಸುವಷ್ಟರಲ್ಲಿ ಒಲೆಯ ಮೇಲಿನ ಗಂಜಿ ಉಕ್ಕಿ ಹೋಗುತ್ತದೆ. ಹಾಗಾಗಿ ಬಸ್ಸಿನಲ್ಲಿ ಕಣ್ಣು ಮುಚ್ಚಿ ಪಟ್ಟಿ ಮಾಡುವುದು ನನ್ನ ಕ್ರಮ.

ಕಾಪುವಿನಲ್ಲಿ ಬಸ್ಸು ಹತ್ತಿ, ಸೀಟು ಸಿಕ್ಕಿದ ಕೂಡಲೇ ಕಣ್ಣು ಮುಚ್ಚುತ್ತೇನೆ. ಮುಚ್ಚಿದರೆ ನಮ್ಮ ಅಡುಗೆಕೋಣೆ. ಬಾಗಿಲು ದಾಟಿದಲ್ಲಿ ಬಲಗೈಗೆ ಉಪ್ಪಿನ ಭರಣಿ. ಮೇಲಿನ ಹಲಗೆಯಲ್ಲಿ ಒಣಮೆಣಸು, ಕೊತ್ತಂಬರಿ, ಜೀರಿಗೆ, ಮೆಂತೆ. ಡಬ್ಬಿಯನ್ನು ಅಲುಗಿಸಿದರೆ ಒಳಗೆ ಎಷ್ಟು ಉಂಟು ಎಂದು ಸದ್ದೇ ಹೇಳುತ್ತದೆ. ಕಣ್ಣು ಮುಚ್ಚಿ ಅಲುಗಿಸಿದರೂ ಹೇಳುತ್ತದೆ. ಹೇಗೆ ಎಂದು ಕೇಳಬೇಡಿ, ನನಗೆ ಗೊತ್ತಿಲ್ಲ. ಕಟಪಾಡಿ ಬರುವಾಗ ನಾನು ಒಲೆಯ ಹತ್ತಿರ ಇರುತ್ತೇನೆ: ಹುಳಿ, ಬೆಲ್ಲ, ಎಣ್ಣೆ. ಉದ್ಯಾವರದಲ್ಲಿ ಬೇಳೆಗಳ ಮೂಲೆ. ಕಿನ್ನಿಮೂಲ್ಕಿಗೆ ಮುಟ್ಟುವಾಗ ಹಿಂಬಾಗಿಲು, ಸಾಬೂನು, ಪೊರಕೆ. ಅಕ್ಕಿಯ ಚಿಂತೆ ಇಲ್ಲ, ಅದು ಬಜಗೋಳಿಯ ತಂಗಿ ಕಾರ್ಕಳದ ಮಿಲ್ಲಿನಲ್ಲಿ ಮಾಡಿಸಿ ಕಳಿಸುವ ಕುಚ್ಚಲಕ್ಕಿ. ಉಡುಪಿಯಲ್ಲಿ ಇಳಿದು ಅಂಗಡಿಯ ಮೆಟ್ಟಿಲಿನಲ್ಲಿ ನಿಂತು ಒಂದೇ ಉಸಿರಿಗೆ ಹೇಳುತ್ತೇನೆ. ಮನೆಯಲ್ಲಿ ಇದ್ದದ್ದನ್ನು ಪುನಃ ತಂದದ್ದಿಲ್ಲ, ಇಲ್ಲದ್ದನ್ನು ಬಿಟ್ಟದ್ದಿಲ್ಲ.

ಆ ಅಡುಗೆಕೋಣೆಯಲ್ಲಿ ನಾನೊಬ್ಬಳೇ ಇರುವುದಿಲ್ಲ ಎಂಬುದನ್ನೂ ಹೇಳಬೇಕು. ಅರೆಯುವ ಕಲ್ಲಿನ ಬದಿಯಲ್ಲಿ ನನ್ನ ಅತ್ತೆ ಕಾಲು ಚಾಚಿ ಕುಳಿತಿರುತ್ತಾರೆ. ಅವರು ತೀರಿ ಹನ್ನೊಂದು ವರ್ಷ ಆಯಿತು. ಭಯ ಎಂತದ್ದೂ ಇಲ್ಲ. ಹೊಗೆಯ ನಡುವೆ ಎಲೆಅಡಿಕೆಯ ಪೆಟ್ಟಿಗೆ ತೆರೆದು ತೋರಿಸುತ್ತಾರೆ, ಹೊಗೆಸೊಪ್ಪು ಖಾಲಿ ಎಂದು. ನಾನು ನೋಡದ ಹಾಗೆ ದಾಟಿ ಹೋಗುತ್ತೇನೆ. ಬದುಕಿದ್ದಾಗಲೂ ಹಾಗೆಯೇ ಮಾಡುತ್ತಿದ್ದೆ.

ಹೋದ ವರ್ಷ ಮಗ ಹಳೆಯ ಅಡುಗೆಕೋಣೆಯನ್ನು ಒಡೆಸಿ ಹೊಸತು ಮಾಡಿಸಿದ. ಗೋಡೆ ತುಂಬಾ ಬಿಳಿ ಬಾಗಿಲುಗಳು, ಅದರೊಳಗೆ ಡಬ್ಬಿಗಳು. ಎಳೆದರೆ ಬರುವ, ಬಿಟ್ಟರೆ ಸದ್ದಿಲ್ಲದೆ ತಾನೇ ಮುಚ್ಚುವ ಡ್ರಾವರುಗಳು. ಚಂದ ಉಂಟು, ಸುಳ್ಳು ಹೇಳಬಾರದು. ಸೊಸೆ ಮಣಿಪಾಲದ ಒಂದು ಆಸ್ಪತ್ರೆಯಲ್ಲಿ ರೋಗಿಗಳ ಚೀಟಿ ಮಾಡುವ ಕೆಲಸಕ್ಕೆ ಹೋಗುವವಳು, ಅವಳಿಗೆ ಬೆಳಿಗ್ಗೆ ಕೆಲಸ ಬೇಗ ಮುಗಿಯಬೇಕು.

ಆ ತಿಂಗಳು ಬಸ್ಸಿನಲ್ಲಿ ಕಣ್ಣು ಮುಚ್ಚಿದೆ. ಬಂದದ್ದು ಹಳೆಯ ಕೋಣೆ. ಇಲ್ಲದ ಕೋಣೆ ಇದು ಎಂದು ಗೊತ್ತಿತ್ತು. ಆದರೂ ಒಳಗೆ ಹೋದೆ, ಬೇರೆ ಎಲ್ಲಿಗೆ ಹೋಗುವುದು? ಭರಣಿ ಮುಟ್ಟಿದರೆ ಕೈ ಭರಣಿಯ ಒಳಗೇ ಹೋಯಿತು, ನೀರಿನಲ್ಲಿ ಹೋದ ಹಾಗೆ. ಯಾವ ಡಬ್ಬಿಯೂ ಸದ್ದು ಮಾಡಲಿಲ್ಲ. ಅತ್ತೆಯೊಬ್ಬರೇ ಸರಿಯಾಗಿ ಕಾಣುತ್ತಿದ್ದರು, ಪೆಟ್ಟಿಗೆ ತೆರೆದು.

ಸಂಜೆ ಸೊಸೆ ಚೀಲ ಬಿಚ್ಚಿದಳು. ಮೂರು ಅಚ್ಚು ಬೆಲ್ಲ ಮನೆಯಲ್ಲಿರುವಾಗ ನಾನು ಇನ್ನೆರಡು ಕಿಲೋ ತಂದಿದ್ದೆ. ಉದ್ದು ಇರಲಿಲ್ಲ. ಅವಳ ಓಟ್ಸ್ ಇರಲಿಲ್ಲ. ಕೊನೆಗೆ ಕಾಗದದ ಒಂದು ಪೊಟ್ಟಣ ಬಿಚ್ಚಿ ಮೂಸಿದಳು.

“ಮಾಮಿ, ಇದು ಹೊಗೆಸೊಪ್ಪು ಅಲ್ವಾ? ಯಾರಿಗೆ?”

ನಾನು ಏನು ಹೇಳುವುದು? ನಿನ್ನ ಗಂಡನ ಅಜ್ಜಿಗೆ ಎಂದು ಹೇಳಲಿಕ್ಕಾಗುತ್ತದಾ? ಅವಳು ಬೈದಿದ್ದರೆ ನಾನೂ ಬೈಯುತ್ತಿದ್ದೆ, ಅಲ್ಲಿಗೆ ಮುಗಿಯುತ್ತಿತ್ತು. ಬೈಯಲಿಲ್ಲ. ಸಣ್ಣ ಮಗುವಿನ ಹತ್ತಿರ ಮಾತಾಡುವ ಹಾಗೆ ಮೆತ್ತಗೆ, ನೀವು ಕುಳಿತುಕೊಳ್ಳಿ ಎಂದಳು. ಆಮೇಲೆ ಮಗನ ಹತ್ತಿರ ಹೇಳಿದ್ದು ನನಗೂ ಕೇಳಿತು: ಅಮ್ಮನಿಗೆ ಮರೆವು ಶುರುವಾಗಿದೆ, ಡಾಕ್ಟರಿಗೆ ತೋರಿಸಬೇಕು, ಇನ್ನು ಒಬ್ಬರನ್ನೇ ಉಡುಪಿಗೆ ಕಳಿಸುವುದು ಬೇಡ, ಜೀನಸು ಫೋನಿನಲ್ಲಿ ತರಿಸುವ.

ನನಗೆ ಬೇಕಾದ್ದು ಬೆಲ್ಲವೂ ಅಲ್ಲ, ಬೇಳೆಯೂ ಅಲ್ಲ. ತಿಂಗಳಿಗೊಮ್ಮೆ ಆ ಬಸ್ಸು ಬೇಕು. ಈ ಮನೆಯಲ್ಲಿ ಏನುಂಟು, ಏನಿಲ್ಲ ಎಂದು ಗೊತ್ತಿರುವವಳು ನಾನಾಗಿರಬೇಕು. ಅದೂ ಹೋದರೆ ನಾನು ಊಟದ ಹೊತ್ತಿಗೆ ಕರೆಯಬೇಕಾದ ಒಬ್ಬಳು, ಅಷ್ಟೇ.

“ನನ್ನ ತಲೆ ಸರಿ ಉಂಟು,” ಎಂದೆ ಮಗನಿಗೆ. “ನಿನ್ನ ಅಡುಗೆಕೋಣೆ ನನ್ನ ತಲೆಯೊಳಗೆ ಇನ್ನೂ ಬರಲಿಲ್ಲ. ಒಂದು ತಿಂಗಳು ಕೊಡು.”

ಅವನಿಗೆ ಅರ್ಥವಾಗಲಿಲ್ಲ. ಆದರೂ ಒಂದು ತಿಂಗಳು ನೋಡುವ, ಆಗದಿದ್ದರೆ ಫೋನೇ ಎಂದ.

ಮಧ್ಯಾಹ್ನ ಮನೆಯಲ್ಲಿ ಯಾರೂ ಇರುವುದಿಲ್ಲ. ಆ ಹೊತ್ತಿಗೆ ಕಣ್ಣು ಮುಚ್ಚಿ ಹೊಸ ಅಡುಗೆಕೋಣೆಯಲ್ಲಿ ನಡೆಯಲಿಕ್ಕೆ ಶುರು ಮಾಡಿದೆ. ಮೊಣಕಾಲಿಗೆ ಎರಡು ಸಲ ತಾಗಿತು. ಎಲ್ಲ ಬಾಗಿಲುಗಳೂ ಒಂದೇ ಹಾಗೆ ನುಣ್ಣಗೆ, ನೆನಪು ಹಿಡಿಯಲಿಕ್ಕೆ ಒಂದು ಬಿರುಕೂ ಇಲ್ಲ. ಆದರೆ ಒಳಗೆ ಮೂಗು ಇಟ್ಟರೆ ಒಂದೊಂದೂ ಬೇರೆ. ಜೀರಿಗೆಯ ಬಾಗಿಲು, ಹುಳಿಯ ಬಾಗಿಲು, ಚಹಾಪುಡಿಯ ಡ್ರಾವರು. ಸೊಸೆ ಇಟ್ಟ ಕ್ರಮ ನನಗೆ ಹಿಡಿಸದ ಕಡೆ ಡಬ್ಬಿಗಳನ್ನು ಬದಲಾಯಿಸಿದೆ. ಬೆಳಿಗ್ಗೆ ಸಕ್ಕರೆ ಹುಡುಕಿ ಅವಳು ಗೊಣಗಿದಳು, ನಾನು ಕೇಳದವಳ ಹಾಗೆ ಇದ್ದೆ. ಡಬ್ಬಿಗಳನ್ನು ಅಲುಗಿಸಿ ಅಲುಗಿಸಿ, ಗಾಜಿನ ಡಬ್ಬಿಯ ಸದ್ದನ್ನೂ ಕಿವಿಗೆ ಕಲಿಸಿದೆ. ದೂರದಲ್ಲಿ ಸಮುದ್ರದ ಸದ್ದು, ಕೈಯಲ್ಲಿ ಬೇಳೆಯ ಸದ್ದು. ಕೆಲವು ದಿನ ನಡೆಯುತ್ತ ನಡೆಯುತ್ತ ನಿಂತಲ್ಲೇ ನಿದ್ರೆ ಬಂದ ಹಾಗೆ ಆಗುತ್ತಿತ್ತು.

ತಿಂಗಳು ಮುಗಿಯಿತು. ಬಸ್ಸು ಹತ್ತಿ ಕಣ್ಣು ಮುಚ್ಚಿದೆ. ಕಟಪಾಡಿಯವರೆಗೆ ಬರೀ ಕತ್ತಲೆ. ಹಳೆಯದೂ ಇಲ್ಲ, ಹೊಸದೂ ಇಲ್ಲ. ಕಣ್ಣನ್ನು ಇನ್ನೂ ಬಿಗಿಯಾಗಿ ಮುಚ್ಚಿದೆ. ಉದ್ಯಾವರದ ಸೇತುವೆಯ ಮೇಲೆ ಹೊಳೆಯ ಬೆಳಕು ರೆಪ್ಪೆಯ ಮೇಲೆ ಬಿತ್ತು, ಒಳಗೆಲ್ಲ ಬಿಳಿಯಾಯಿತು. ಆ ಬಿಳಿಯಲ್ಲಿ ಒಂದು ಬಾಗಿಲು ತಾನೇ ತೆರೆಯಿತು. ಜೀರಿಗೆಯ ವಾಸನೆ. ನಾನು ಹೋದೆ. ಒಂದೊಂದೇ ತೆರೆದು, ಅಲುಗಿಸಿ, ಮುಚ್ಚಿದೆ. ಅರೆಯುವ ಕಲ್ಲು ಅಲ್ಲಿರಲಿಲ್ಲ. ಕಾಲು ಚಾಚಿ ಕುಳಿತುಕೊಳ್ಳಲಿಕ್ಕೆ ಯಾರಿಗೂ ಜಾಗ ಇರಲಿಲ್ಲ. ಇಲ್ಲದಿದ್ದರೆ ಇಲ್ಲ. ಕಿನ್ನಿಮೂಲ್ಕಿ ಎಂದು ಕಂಡಕ್ಟರ್ ಕೂಗುವಾಗ ನಾನು ಸಾಬೂನಿನ ಹತ್ತಿರ ಇದ್ದೆ.

ಅಂಗಡಿಯಲ್ಲಿ ಧಣಿಗಳ ಕೈ ನನ್ನನ್ನು ಕಂಡ ಕೂಡಲೇ ಉಪ್ಪಿನ ಕಡೆಗೆ ಹೋಯಿತು. ಇಷ್ಟು ವರ್ಷ ಕೇಳಿ ಕೇಳಿ ನನ್ನ ಪಟ್ಟಿ ಅವರಿಗೂ ಬಾಯಿಪಾಠ. ನಾನು ಜೀರಿಗೆ ಎಂದೆ.

“ಎಂತ ಅಮ್ಮ, ಇವತ್ತು ಉಲ್ಟಾ?”

“ಉಲ್ಟಾ ಅಲ್ಲ. ಅಡುಗೆಕೋಣೆ ಹೊಸತು. ನೀವೂ ಕಲಿಯಿರಿ ಧಣಿಗಳೇ.”

ಅವರು ನಗುತ್ತ ಕಟ್ಟಿಕೊಟ್ಟರು.

ಸಂಜೆ ಸೊಸೆ ಬಂದವಳು ಬಟ್ಟೆ ಬದಲಾಯಿಸದೆ ಚೀಲದ ಎದುರು ಕುಳಿತಳು. ಮಗ ಬಾಗಿಲಲ್ಲಿ ನಿಂತಿದ್ದ. ಒಂದೊಂದೇ ತೆಗೆದಳು, ಒಂದೊಂದೇ ಬಾಗಿಲು ತೆರೆದು ನೋಡಿದಳು. ಬಹಳ ಹೊತ್ತಾಯಿತು. ಕೊನೆಗೆ ತಿರುಗಿದಳು.

“ಈ ಸಲವೂ ಉದ್ದು ಇಲ್ಲ ಮಾಮಿ.”

“ಎರಡನೇ ಡ್ರಾವರಿನಲ್ಲಿ ಶಾವಿಗೆಯ ಹಿಂದೆ ಒಂದೂವರೆ ಕಿಲೋ ಉಂಟು. ನೀನೇ ಮಣಿಪಾಲದಿಂದ ತಂದು ಇಟ್ಟದ್ದು.”

ಅವಳು ಡ್ರಾವರು ಎಳೆದಳು. ಶಾವಿಗೆ ಸರಿಸಿದಳು. ಉದ್ದನ್ನು ಕೈಯಲ್ಲಿ ತೂಗಿ ನೋಡಿ ಪುನಃ ಅಲ್ಲೇ ಇಟ್ಟಳು. ಡ್ರಾವರು ತಾನೇ ಮುಚ್ಚಿತು.

“ಬರುವ ತಿಂಗಳು ಓಟ್ಸ್ ಸಣ್ಣ ಪ್ಯಾಕೆಟ್ ತಂದರೆ ಸಾಕು,” ಎಂದಳು, ನನ್ನ ಹತ್ತಿರ.